ಪೇವ್ ಬಾಟಲಿಯ ಚೀಟಿ

ಚಾಚಾ ಅವರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಅರಿಸಿನದ ಬಣ್ಣಕ್ಕಿರುತ್ತಿತ್ತು. ಮುಂಬೈಯ ಕಾಂದಿವಲಿಯ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಅವರು, ಎಲ್ಲರ ಬಾಯಲ್ಲೂ ಚಾಚಾ. ಊರು ವಿಜಯಪುರದ ಕಡೆ, ಮನೆ ಭಾಂಡುಪಿನ ಚಾಳ್. ಪ್ರಾಕ್ಟಿಕಲ್ ಇದ್ದ ದಿನ ದಾದರಿನಲ್ಲಿ ಇಳಿದು ಮಾರ್ಕೆಟ್ಟಿನಿಂದ ಶುಂಠಿ, ಹಸಿ ಅರಿಸಿನ, ಮಾವಿನಶುಂಠಿ, ಮಳೆಗಾಲವಾದರೆ ಶುಂಠಿಯದೇ ಬಳಗದ ಬಿಳಿ ಸೋನ್‌ಟಕ್ಕಾ ಹೂವು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ಚೀಲದ ಘಮಕ್ಕೇ ಲೋಕಲಿನಲ್ಲಿ ಜನ ಜಾಗ ಬಿಡುತ್ತಾರೆಂದು ಅವರ ಜಂಬ.

ನಾನು ಒಮ್ಮೆ ಪ್ರಾಕ್ಟಿಕಲ್‌ನಲ್ಲಿ ಫೇಲಾದವಳು. ಮಾವಿನಶುಂಠಿಯನ್ನು ಶುಂಠಿಯೆಂದೇ ಬರೆದಿದ್ದೆ. ಅದು ಅರಿಸಿನದ ಒಡಹುಟ್ಟು. ಇನ್ನೊಮ್ಮೆ ಹೀಗಾದರೆ ಓದು ಸಾಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು. ಕನ್ನಡದ ಹುಡುಗಿ ಅಳುವುದನ್ನು ಚಾಚಾಗೆ ನೋಡಲಾಗಲಿಲ್ಲ. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕಲಿಸಿದರು. ಶುಂಠಿ ಕುಟುಂಬದ ಎಲೆಗಳು ಎರಡು ಸಾಲಿನಲ್ಲೇ ಕೂರುತ್ತವೆ, ಮುರಿದರೆ ಘಮ ಬರಲೇಬೇಕು.

“ಮಾರಿ ನೋಡಿ ಮೋಸ ಹೋಗಬ್ಯಾಡವಾ. ಮುರದು ಮೂಸಿ ನೋಡು.”

ಮರುಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದದ್ದು ಮರಾಠಿಯವರು ಪೇವ್ ಎನ್ನುವ ಗಿಡ. ಎಲೆಗಳು ಕಾಂಡವನ್ನು ಸುತ್ತಿಕೊಂಡು ಮೆಟ್ಟಿಲಿನ ಹಾಗೆ ಮೇಲೇರಿದ್ದವು. ಮುರಿದೆ, ಘಮವಿಲ್ಲ. ಶುಂಠಿ ಕುಟುಂಬದ್ದಲ್ಲ ಎಂದು ಬರೆದೆ. ಪರೀಕ್ಷಕರು ಕಪಾಟಿನಲ್ಲಿ ಮಾದರಿಗೆಂದು ಇಟ್ಟಿದ್ದ ಪೇವ್ ಬಾಟಲಿಯ ಚೀಟಿ ತೋರಿಸಿ ತಪ್ಪು ಎಂದರು. ವರ್ಷಗಳ ಹಿಂದೆ ಚಾಚಾ ತಾವೇ ಬರೆದು ಅಂಟಿಸಿದ್ದ ಚೀಟಿ ಅದು: ಶುಂಠಿ ಕುಟುಂಬ.

ಚಾಚಾ ಎದ್ದು ಬಂದು ಒಂದು ಎಲೆ ಮುರಿದರು, ಮೂಸಿದರು, ಪರೀಕ್ಷಕರ ಮುಂದೆ ಹಿಡಿದರು. “ಗಲ್ತಿ ಮೇರಿ ಹೈ ಸಾಬ್. ಲಡ್ಕಿ ಬರಾಬರ್ ಲಿಖೀ,” ಎಂದು ನನ್ನ ಉತ್ತರವೇ ಸರಿಯೆಂದು ಹೇಳಿ, ಎಲ್ಲರೆದುರು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಪರೀಕ್ಷಕರು ಹೊಸ ಪುಸ್ತಕ ತೆರೆದು ನೋಡಿದರು. ಪೇವ್ ಯಾವಾಗಲೋ ಬೇರೆ ಕುಟುಂಬವಾಗಿತ್ತು. ನಾನು ಪಾಸಾದೆ.

ಅಂದು ಸಂಜೆಯೇ ಚಾಚಾ ಹಳೆಯ ಚೀಟಿ ಕಿತ್ತರು. ಹೊಸ ಕುಟುಂಬದ ಹೆಸರನ್ನು ನನ್ನಿಂದ ಬರೆಸಿಕೊಂಡು, ಒಂದೊಂದೇ ಅಕ್ಷರ ನೋಡಿ ನಕಲು ಮಾಡಿ ಅಂಟಿಸಿದರು. ಬಾಟಲಿಯನ್ನು ಮಾತ್ರ ಶುಂಠಿಯ ಪಕ್ಕದಲ್ಲೇ ಇಟ್ಟರು.

“ಮನಿ ಬ್ಯಾರೆ ಆತು, ಖರೆ. ಬಳಗ ಬ್ಯಾರೆ ಆಗಿಲ್ಲಲ್ಲ.”

ಕಳೆದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಅದೇ ಲ್ಯಾಬಿನಲ್ಲಿ ಈಗ ನಾನು ಪಾಠ ಮಾಡುತ್ತೇನೆ. ಮೊನ್ನೆ ಹೊಸ ಸಹಾಯಕಿ ಮಾಸಿದ ಆ ಚೀಟಿಯನ್ನು ಬದಲಿಸಲು ಬಂದಳು. ಬೇಡ ಎಂದೆ. ನನ್ನನ್ನು ಉಳಿಸಲು ತಮ್ಮದೇ ಚೀಟಿಯನ್ನು ತಪ್ಪೆಂದವರ ಅಕ್ಷರ ಅದು.