ಅಪ್ಪನ ಎಡಗೈಯೂ ಸಾವಿರ ವಾಟ್ಸೂ

ಸೋಪಿನ ಡಬ್ಬಿಯಷ್ಟಿದ್ದ ಆಂಪ್ಲಿಫೈಯರನ್ನು ಅಂಗೈ ಮೇಲಿಟ್ಟುಕೊಂಡು ಅಕ್ಕನ ಗಂಡ ನಮ್ಮ ಚಾಮರಾಜಪೇಟೆಯ ಮನೆಗೆ ಬಂದರು. ಮೇಲೆ ‘ಸಾವಿರ ವಾಟ್ಸ್’ ಎಂದಿತ್ತು. ಬರೆಯುವುದಕ್ಕೇನು, ನನ್ನ ಹಣೆಯ ಮೇಲೆ ಮಹಾರಾಜ ಎಂದೂ ಬರೆದುಕೊಳ್ಳಬಹುದು. ಆದರೆ ಭಾವ ನಂಬಿದ್ದರು. ಮನೆಯ ಅಳಿಯ ನಂಬಿದ ಮೇಲೆ ಮಿಕ್ಕವರು ನಂಬದಿರಲು ಯಾರು? ಇಬ್ಬರು ಹೊರಬೇಕಾದ ಅಪ್ಪನ ಹಳೆಯ ಆಂಪ್ಲಿಫೈಯರು ಅವತ್ತೇ ಅಟ್ಟಕ್ಕೆ ಹೋಯಿತು.

ಈ ಸಡಗರವೆಲ್ಲ ಅಮ್ಮನಿಗಾಗಿ. ಅಪ್ಪ ಮೃದಂಗ ನುಡಿಸಿದ ಕೊನೆಯ ಕಛೇರಿಯ ಧ್ವನಿಮುದ್ರಣವನ್ನು ಅವರ ಜೊತೆ ಹಾಡುತ್ತಿದ್ದವರೊಬ್ಬರು ನನ್ನ ಮೊಬೈಲಿಗೆ ಕಳಿಸಿದ್ದರು. ಮೃದಂಗದ ಎಡಮುಖಕ್ಕೆ ಪ್ರತಿ ಕಛೇರಿಗೂ ಮೊದಲು ರವೆ ಕಲಸಿ ಮೆತ್ತಬೇಕು, ಗುಂ ಎನ್ನುವ ನಾದ ಬರುವುದೇ ಅದರಿಂದ. ಮದುವೆಯಾದಾಗಿನಿಂದ ಆ ರವೆ ಕಲಸಿದ್ದು ಅಮ್ಮ. ಅವಳಿಗೆ ಕೇಳಬೇಕಿದ್ದದ್ದು ಆ ಎಡಗೈ.

ಕೇಳಿದ್ದು ಬಲಗೈ ಮಾತ್ರ, ಟಿಕ್ ಟಿಕ್ ಎಂದು. ಭಾವ ಬೇಸ್ ತಿರುಗಿಸಿದರು. ಡಬ್ಬಿ ಪರ್ರೆಂದಿತು.

“ರೆಕಾರ್ಡಿಂಗೇ ಸರಿಯಿಲ್ಲ ಅತ್ತೆ. ಎಡಗೈ ಬಿದ್ದೇ ಇಲ್ಲ ಇದ್ರಲ್ಲಿ.”

“ಹೌದೇನೋ,” ಎಂದು ಅಮ್ಮ ಎದ್ದು ಒಳಗೆ ಹೋದಳು. ನನಗೆ ಮೈ ಉರಿದುಹೋಯಿತು. ಎಡಗೈಯನ್ನೇ ನುಂಗಿ ನೀರು ಕುಡಿದ ಡಬ್ಬಿಗೆ ಈ ಮನುಷ್ಯನ ವಕಾಲತ್ತು ಬೇರೆ!

ಡಬ್ಬಿಯನ್ನು ರಿಪೇರಿ ಅಂಗಡಿಗೆ ಒಯ್ದು, ಅಟ್ಟ ಸೇರಿದ ಹಳೆಯದರ ವಿಷಯವನ್ನೂ ಹೇಳಿದೆ. ಅಂಗಡಿಯವರು ಅದರ ಅಡಾಪ್ಟರನ್ನು ನೋಡಿ ನಕ್ಕರು.

“ಚಿಕ್ಕದಾಗಿರೋದು ತಪ್ಪಲ್ಲ ಸ್ವಾಮಿ, ಚಿಕ್ಕದ್ರಲ್ಲೂ ಒಳ್ಳೇದು ಸಿಗುತ್ತೆ. ಬೇಸ್ ಅಂದ್ರೆ ಸ್ಪೀಕರನ್ನ ತಳ್ಳೋ ಕೆಲಸ, ಒಂದೊಂದು ಪೆಟ್ಟಿಗೂ ಕರೆಂಟ್ ಜಾಸ್ತಿ ಬೇಕು. ಇದು ಫೋನ್ ಚಾರ್ಜ್ ಮಾಡೋಕೆ ಸರಿ. ನಿಮ್ಮ ಹಳೇದ್ರಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆ, ಅದಕ್ಕೇ ಆ ಭಾರ.”

ಭಾನುವಾರ ಬೆಳಿಗ್ಗೆ ಅದನ್ನು ಅಟ್ಟದಿಂದ ಇಳಿಸಿದೆವು. ಒಂದು ತುದಿ ಭಾವನಿಗೇ ಹಿಡಿಸಿದೆ, ಬೇಕೆಂದೇ. ಸೊಂಟ ಸೊಂಟ ಎನ್ನುತ್ತ ಇಳಿಸಿದರು.

ಹಾಕಿದೊಡನೆ ಗುಂ ಎಂದಿತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ನೆಲದ ಮೇಲೆ ಕೂತಳು. ತುಂಬಾ ಹೊತ್ತು ಕೇಳಿದಳು. ನಾನು ಗೆದ್ದವನ ಹಾಗೆ ಭಾವನ ಮುಖ ನೋಡಿದೆ.

“ರವೆ ನೀರಾಗಿದೆ,” ಎಂದಳು ಅಮ್ಮ.

“ಏನಮ್ಮಾ?”

“ನಾದ ಕುಗ್ತಾ ಇದೆ, ಕೇಳು. ಅವತ್ತು ನೀರು ಜಾಸ್ತಿ ಹಾಕ್ಬಿಟ್ಟಿದೀನಿ.”

ಭಾವ ಸರಿಪಡಿಸಲು ಬೇಸ್ ತಿರುಪಿನ ಕಡೆ ಕೈ ಚಾಚಿದರು.

“ಮುಟ್ಬೇಡಿ,” ಎಂದಳು ಅಮ್ಮ. ಅಳಿಯನಿಗೆ ಅವಳು ಬೇಡವೆಂದದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿದಳು. “ಅವತ್ತು ಮನೆಗೆ ಬಂದು, ‘ಇವತ್ತು ರವೆ ಬಹಳ ಹದವಾಗಿತ್ತು’ ಅಂದಿದ್ರು ಕಣೋ ನಿಮ್ಮಪ್ಪ.”