ಅವ್ವನ ಫೋಲ್ಡರ್

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗೆ ಹಳೆಯ ಕಂಪ್ಯೂಟರೊಂದು ಸದಾ ಗುಂಯ್‌ಗುಡುತ್ತಿರುತ್ತದೆ. ಅದೇ ನಮ್ಮ ಸರ್ವರ್. ಮನೆಮಂದಿಯ ಫೋಟೋ, ವಿಡಿಯೋ ಎಲ್ಲ ಅದರಲ್ಲಿ. ನಾಚಾರಂನ ಕಾರ್ಖಾನೆಯಲ್ಲಿ ನನ್ನದು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಹಾಗಾಗಿ ಯಾವ ಫೋಲ್ಡರನ್ನು ಯಾರು ನೋಡಬಹುದು, ಯಾರು ಅಳಿಸಬಹುದು ಎಂದು ಗೊತ್ತುಮಾಡಿದವಳೂ ನಾನೇ.

ಒಂದು ಫೋಲ್ಡರ್ ಮಾತ್ರ ನನ್ನೊಬ್ಬಳದು. ಅವ್ವ ಕೊನೆಯ ಸಲ ಬಂದಾಗ ರೊಟ್ಟಿ ಬಡಿಯುತ್ತ ಆಡಿದ ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಮೊಬೈಲು ತುಂಬಿತೆಂದು ಸರ್ವರಿಗೆ ಹಾಕಿ, ಮೊಬೈಲಿನಿಂದ ಅಳಿಸಿದ್ದೆ. ಅವ್ವ ಹೋದ ಮೇಲೆ ಅವಳ ದನಿ ಉಳಿದದ್ದು ಅದೊಂದರಲ್ಲೇ. ಅದರಲ್ಲಿ ನಮ್ಮ ಅತ್ತೆಯ ಸುದ್ದಿಯೂ ಬಂದಿತ್ತು. “ನನ್ನ ಮಗಳು ಬಡದ ರೊಟ್ಟಿ ತಿಂತಾಳ, ಜ್ವಾಳ ಭಾಳ ಚಲೋ ಅದಾವ ಅಂತಾಳ ನಮ್ಮ ಬೀಗತಿ. ಬಡದ ಕೈಗೆ ಹೆಸರ ಇಲ್ಲ!” ಎಂದು ಅವ್ವ ನಗುತ್ತಿದ್ದಳು. ಮದುವೆಯಾದಂದಿನಿಂದ ನನ್ನ ಪರವಾಗಿ ಯಾರಾದರೂ ಆಡಿದ ಮಾತಿದ್ದರೆ ಅದೊಂದೇ.

ನಾನು ಊರಲ್ಲಿಲ್ಲದಾಗ ಬೇಕಾದೀತೆಂದು, ಎಲ್ಲ ಫೋಲ್ಡರನ್ನೂ ತೆರೆಯುವ ಅಡ್ಮಿನ್ ಪಾಸ್‌ವರ್ಡನ್ನು ಗಂಡನಿಗೆ ಹೇಳಿಟ್ಟಿದ್ದೆ. “ನಿಮ್ಮವ್ವನ ಫೋಲ್ಡರ್ ಮುಟ್ಟಂಗಿಲ್ಲ ಬಿಡು,” ಅಂದಿದ್ದರು.

ಸಿಕಂದರಾಬಾದಿನಲ್ಲಿರುವ ಅವರ ಅಕ್ಕನಿಗೆ ನಾನು ಫೋಟೋ ನೋಡುವಷ್ಟೇ ಪರ್ಮಿಶನ್ ಕೊಟ್ಟಿದ್ದೆ. ಇವರಿಗೆ ಅದು ಚುಚ್ಚಿತು. ನಮ್ಮ ಕಡೆ ಮನೆಮಗಳು ತವರಿಗೆ ಬಂದರೆ ತಿಜೋರಿಗೂ ಕೀಲಿ ಹಾಕುವುದಿಲ್ಲ. “ಮನಿ ಮಗಳಿಗೆ ಬಾಗಲಾ ಹಾಕತಾರೇನ?” ಎಂದು ಗೊಣಗಿದ್ದರು. ಒಂದು ಭಾನುವಾರ ನಾನು ಉಪ್ಪಲ್‌ಗೆ ಮದುವೆಗೆಂದು ಹೋಗಿದ್ದಾಗ ಆ ಅಕ್ಕ ಬಂದರು. ಇವರು ಎಲ್ಲ ಫೋಲ್ಡರುಗಳನ್ನೂ ತೆರೆದುಕೊಟ್ಟರು.

ಮರುದಿನ ನೋಡಿದರೆ ಅವ್ವನ ಫೋಲ್ಡರ್ ಖಾಲಿ. ನಮ್ಮ ಸರ್ವರಿನಲ್ಲಿ ಅಳಿಸಿದ್ದು ಮತ್ತೆ ಸಿಗುವುದಿಲ್ಲ.

“ಅಕ್ಕಾರು ಅಳಿಸಿದ್ರೇನ್ರಿ?”

“ಆಕಿ ಅಲ್ಲ, ನಾನ.” ಇವರು ಟಿವಿಯಿಂದ ಕಣ್ಣು ಕೀಳಲಿಲ್ಲ. “ಕೇಳಿ ಅಕ್ಕ ಭಾಳ ಅತ್ಲು. ಸತ್ತ ನಮ್ಮವ್ವನ ಮ್ಯಾಲ ಅಂಥಾ ಮಾತು ಮನ್ಯಾಗ ಯಾಕ ಇರಬೇಕು?”

“ನಮ್ಮವ್ವನೂ ಸತ್ತಾಳ್ರಿ.”

ಇವರು ಟಿವಿಯ ದನಿ ಏರಿಸಿದರು. ಆ ಅಕ್ಕನೇ ಅಳಿಸಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಪಾಸ್‌ವರ್ಡ್ ಬದಲಿಸಿದೆ. ಇವರಿಗೂ ಇನ್ನು ನೋಡುವಷ್ಟೇ ಪರ್ಮಿಶನ್. ಕಾಯುವಂಥದ್ದು ಒಳಗೆ ಏನೂ ಉಳಿದಿರಲಿಲ್ಲ, ಆದರೂ ಮಾಡಿದೆ. ಮಾತು ಬಿಟ್ಟೆ.

ಆ ವಾರವೇ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಇವರು ಅಡುಗೆಮನೆಯಲ್ಲೇ ತಾಟು ಹಿಡಿದು ಕೂತರು. ನನ್ನನ್ನು ರಮಿಸಬೇಕು ಅನ್ನಿಸಿತೋ ಏನೋ, ಬಿಸಿ ರೊಟ್ಟಿ ಮುರಿಯುತ್ತ ಮೆತ್ತಗೆ ಅಂದರು:

“ಈ ಸಲದ ಜ್ವಾಳ ಭಾಳ ಚಲೋ ಅದಾವ ನೋಡು.”

ಯಾವ ಮಾತನ್ನು ಅಳಿಸಿದ್ದರೋ ಅದನ್ನೇ ತಾವೀಗ ಆಡಿದ್ದೆಂದು ಅವರಿಗೆ ಹೊಳೆಯಲೂ ಇಲ್ಲ. ಹಂಚಿಗೆ ಹಾಕಲು ಎತ್ತಿದ ರೊಟ್ಟಿ ನನ್ನ ಕೈಯಲ್ಲೇ ಹರಿಯಿತು. ಹರಿದದ್ದನ್ನೇ ಬೇಯಿಸಿ ಅವರ ತಾಟಿಗೆ ಹಾಕಿದೆ.