ಕೊರಿಯಾ ಗೆದ್ದ ದಿನದ ಹೊಟ್ಟೆಕಿಚ್ಚು

ಪರದೇಶದ ಸ್ಕಾರ್‌ಬರೋದಲ್ಲಿ ಔಷಧಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಯಲ್ಲಿ ನಾನೂ ಅವಳೂ ಐದು ವರ್ಷ ಅಕ್ಕಪಕ್ಕ ನಿಂತು ಕೆಲಸ ಮಾಡಿದೆವು. ನಾನು ಉಡುಪಿಯವಳು, ಅವಳು ಕೊರಿಯಾದವಳು. ಒಂದೇ ಬಸ್ಸು, ಒಂದೇ ಶಿಫ್ಟು. ಅವಳ ಇಂಗ್ಲಿಷು ಕುಂಟುತ್ತಿತ್ತು, ನನ್ನದೂ ಅಂಥದ್ದೇನಲ್ಲ. ಹಾಗಾಗಿ ನಮ್ಮ ಮಾತು ಚಳಿ, ಮಕ್ಕಳು, ಸೂಪರ್‌ವೈಸರ್ ಇಷ್ಟರಲ್ಲೇ ಮುಗಿಯುತ್ತಿತ್ತು. ಉಳಿದ ಹೊತ್ತು ಅವಳು ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಪಾಪದ ಹೆಂಗಸು, ನಾನಿಲ್ಲದಿದ್ದರೆ ಇವಳಿಗೆ ಯಾರಿದ್ದಾರೆ ಎಂದುಕೊಂಡಿದ್ದೆ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ್ದರಿಂದ ನನ್ನನ್ನು ‘ಒನ್ನಿ’ ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಒನ್ನಿ ಎಂದರೆ ಅಕ್ಕ. ಅದನ್ನು ಕೇಳಿದಾಗಲೆಲ್ಲ ನನಗೊಂದು ಜಂಬ.

ಎರಡು ಸಾವಿರದ ಎರಡರಲ್ಲಿ ಫುಟ್‌ಬಾಲ್ ವಿಶ್ವಕಪ್ ಕೊರಿಯಾ ಮತ್ತು ಜಪಾನಿನಲ್ಲಿ ನಡೆಯಿತು. ಇಟಲಿಯ ಎದುರು ಕೊರಿಯಾ ಅಲ್ಲಿ ರಾತ್ರಿ ಆಡುವ ಪಂದ್ಯ ನಮಗೆ ಇಲ್ಲಿ ಬೆಳಿಗ್ಗೆ ಏಳೂವರೆಗೆ.

“ಒನ್ನಿ, ಯೂ ಕಮ್. ನಮ್ಮ ಚರ್ಚ್ ಹಾಲ್, ಬಿಗ್ ಸ್ಕ್ರೀನ್,” ಎಂದಳು. ನಾನು ಕಲಿಸಿದ ‘ನಮ್ಮ’ದಂಥ ಹತ್ತಿಪ್ಪತ್ತು ಕನ್ನಡ ಶಬ್ದಗಳು ಅವಳಿಗೆ ಬರುತ್ತಿದ್ದವು. ಇಬ್ಬರೂ ಮಧ್ಯಾಹ್ನದ ಶಿಫ್ಟಿಗೆ ಬದಲಾಯಿಸಿಕೊಂಡೆವು.

“ನಿನಗೆ ಫುಟ್‌ಬಾಲಿನ ಎಂತ ಗೊತ್ತುಂಟು ಮಾರಾಯ್ತಿ?” ಎಂದು ನನ್ನ ಗಂಡ ನಕ್ಕರು. ಏನೂ ಗೊತ್ತಿರಲಿಲ್ಲ. ಅವಳು ಕರೆದಳು, ಹೋದೆ.

ಚರ್ಚ್ ಹಾಲ್‌ನಲ್ಲಿ ಇನ್ನೂರು ಜನರಾದರೂ ಇದ್ದರು, ಎಲ್ಲರದೂ ಕೆಂಪು ಟೀ ಶರ್ಟು. ಹಸಿರು ಚೂಡಿದಾರದವಳು ನಾನೊಬ್ಬಳೇ. ಅವಳು ನನ್ನನ್ನು ಮೂರನೇ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲೇ ಕೂತಳು. ಐದು ನಿಮಿಷವಾಗಿರಲಿಲ್ಲ, ಮುಂದಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. “ಒನ್ ಮಿನಿಟ್” ಎಂದು ಎದ್ದು ಹೋದವಳು ಕೊರಳಿಗೆ ಡೋಲು ಹಾಕಿಕೊಂಡು ಪರದೆಯ ಪಕ್ಕ ನಿಂತಳು.

ಅವಳು ಡೋಲು ಬಡಿದರೆ ಅಲ್ಲಿದ್ದವರೆಲ್ಲ ದೇಶದ ಹೆಸರು ಕೂಗಿ ಐದು ಸಲ ಚಪ್ಪಾಳೆ ತಟ್ಟುತ್ತಿದ್ದರು. ಇಟಲಿ ಒಂದು ಗೋಲು ಹೊಡೆದು ಎಲ್ಲರ ಮುಖ ಬಾಡಿದಾಗ ಅವಳು ಕೊರಿಯನ್ನಿನಲ್ಲಿ ಏನೋ ಹೇಳಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಅಜ್ಜ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಕ್ಕದ ಹೆಂಗಸಿಗೆ “ಏನು ಹೇಳಿದಳು?” ಎಂದು ಕೇಳಿದೆ. “ಇಂಗ್ಲಿಷಿನಲ್ಲಿ ಹೇಳಿದರೆ ನಗು ಬರಲ್ಲ,” ಎಂದಳು ಆಕೆ.

ಐದು ವರ್ಷದಲ್ಲಿ ಅವಳು ನನ್ನನ್ನು ಒಮ್ಮೆಯೂ ಹಾಗೆ ನಗಿಸಿರಲಿಲ್ಲ. ನನ್ನ ಪಾಪದ ಹೆಂಗಸು ಇಲ್ಲಿ ಎಲ್ಲರಿಗೂ ಬೇಕಾದವಳು. ಅಷ್ಟರಲ್ಲಿ ಗುಂಗುರು ಕೂದಲಿನ ಒಬ್ಬಳು ಅವಳಿಗೆ ನೀರು ತಂದುಕೊಟ್ಟಳು. ಇವಳು ಆಕೆಯನ್ನೂ “ಒನ್ನಿ” ಎಂದೇ ಕರೆದದ್ದು ಕಿವಿಗೆ ಬಿತ್ತು. ನಮ್ಮೂರಲ್ಲಿ ನಾವು ಮೀನು ಮಾರುವವಳನ್ನೂ ಅಕ್ಕ ಎನ್ನುವುದಿಲ್ಲವೇ? ಗೊತ್ತಿತ್ತು. ಆದರೂ ಇವರು ಸೋಲಲಿ ಎಂದು ಬೇಡಿಕೊಂಡೆ. ಸೋತರೆ ಅವಳು ಡೋಲು ಇಳಿಸಿ ಬಂದು ಮೊದಲಿನ ಹಾಗೆ ನನ್ನ ಪಕ್ಕ ಸುಮ್ಮನೆ ಕೂರುತ್ತಾಳೆ.

ಆಟ ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಕೊರಿಯಾ ಗೋಲು ಹೊಡೆದು ಸಮ ಮಾಡಿತು. ಕುರ್ಚಿಗಳು ಉರುಳಿದವು. ಅವಳು ಡೋಲು ಕೆಳಗಿಟ್ಟು ನಾನಿದ್ದ ಕಡೆಗೇ ಓಡಿಬಂದಳು. ನಾನು ಎದ್ದು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿಹೋಗಿ ನನ್ನ ಹಿಂದಿದ್ದ ಗುಂಗುರು ಕೂದಲಿನವಳನ್ನು ತಬ್ಬಿಕೊಂಡಳು.

ನಾನು ಬ್ಯಾಗು ತೆಗೆದುಕೊಂಡು ಹೊರಬಿದ್ದೆ. ಎಷ್ಟೋ ಹೊತ್ತಾದರೂ ಬಸ್ಸಿಲ್ಲ. ಸ್ಟಾಪಿನಲ್ಲಿ ನಿಂತಿದ್ದಾಗಲೇ ಹಾಲ್‌ನ ಕಡೆಯಿಂದ ದೊಡ್ಡ ಕೂಗೆದ್ದಿತು, ಕಾರುಗಳು ಹಾರ್ನ್ ಹೊಡೆಯತೊಡಗಿದವು. ಗೆದ್ದರು ಎಂದು ತಿಳಿಯಿತು.

ಮಧ್ಯಾಹ್ನ ಕೆಲಸಕ್ಕೆ ಬಂದಾಗ ಅವಳ ಗಂಟಲು ಪೂರ್ತಿ ಕಟ್ಟಿತ್ತು. “ವೇರ್ ಯೂ ಗೋ? ಟಾಯ್ಲೆಟ್ ನೋಡಿದೆ, ಪಾರ್ಕಿಂಗ್ ನೋಡಿದೆ!” ಎಂದು ಪಿಸುಗುಟ್ಟಿದಳು. ತಲೆನೋವು ಎಂದು ಸುಳ್ಳು ಹೇಳಿದೆ. ಅವಳು ಚೀಲದಿಂದ ಫಾಯಿಲ್ ಪೊಟ್ಟಣ ತೆಗೆದಳು. ನನಗೆಂದೇ ಮಾಂಸವಿಲ್ಲದೆ ಸುತ್ತಿದ್ದ ಅನ್ನದ ಸುರುಳಿಗಳು.

ತಿನ್ನಲಾಗಲಿಲ್ಲ. ಶಿಫ್ಟು ಮುಗಿಸಿ ಬಸ್ಸು ಹತ್ತಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಜೆಲಸ್ ಎಂಬ ಶಬ್ದ ಅವಳಿಗೆ ಗೊತ್ತಿತ್ತು. ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ.

“ನಿನ್ನ ಮಗಳ ಬರ್ತ್‌ಡೇ,” ಎಂದಳು. “ನಿಮ್ಮ ಜನ ಫುಲ್. ಯೂ ಟಾಕ್, ಟಾಕ್, ಎವ್ರಿಬಡಿ ಲಾಫ್. ಮೀ, ಫ್ರಿಜ್ ಪಕ್ಕ, ಟೂ ಅವರ್ಸ್.”

ಅವಳು ಫ್ರಿಜ್ಜಿನ ಪಕ್ಕ ಕೂತಿದ್ದು ನನಗೆ ನೆನಪೇ ಇರಲಿಲ್ಲ. ಅವಳು ಊಟ ಮಾಡಿಕೊಂಡು ಹೋದಳೋ ಇಲ್ಲವೋ ಎಂಬುದೂ ತಿಳಿಯದು. ಅವಳ ಕೈ ಹಿಡಿದುಕೊಂಡೆ.

ಸೆಮಿಫೈನಲ್ಲಿಗೆ ಮತ್ತೆ ಹೋದೆ. ಅವಳದೇ ಒಂದು ಕೆಂಪು ಟೀ ಶರ್ಟು ತೊಟ್ಟು, ಅವಳ ಹತ್ತಿರವೇ ಕೂತು, ಗೆಲ್ಲಲಿ ಎಂದು ಮನಸಾರೆ ಕೂಗಿದೆ. ಸೋತರು. ಅವಳು ಅತ್ತಳು, ಅದೂ ಗುಂಗುರು ಕೂದಲಿನವಳ ಹೆಗಲ ಮೇಲೆ. ಅವರಿಬ್ಬರೂ ಏನೇನೋ ಮಾತಾಡಿಕೊಂಡರು. ನನಗೆ ಆಗಲೂ ಸಂಕಟವಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ಸಲ ಹೊರಟುಹೋಗಲಿಲ್ಲ. ಎಲ್ಲರ ಜೊತೆ ಕುರ್ಚಿ ಮಡಚಿದೆ, ನೆಲದ ಮೇಲಿನ ಪೇಪರ್ ಲೋಟಗಳನ್ನು ಆರಿಸಿದೆ, ಅವಳ ಅಳು ಮುಗಿಯುವವರೆಗೆ ಕಾದೆ.